ಹಾಲೂಡಿಸುವಾಗ ನೋವೇ? ಮಗು ಬಾಯಿ ಬಿಟ್ಟ ಕೂಡಲೇ ತೊಟ್ಟನ್ನು ನೋಡಿ

ಮಗು ಹಾಲು ಕುಡಿದು ಬಾಯಿ ಬಿಟ್ಟ ಕ್ಷಣ ತೊಟ್ಟಿನ ಆಕಾರ ಹೇಗಿದೆ ಎಂದು ಒಮ್ಮೆ ನೋಡಿ. ಸ್ವಲ್ಪ ಉದ್ದವಾಗಿದ್ದರೂ ದುಂಡಗೇ ಇದ್ದರೆ ಮಗು ಮೊಲೆ ಸರಿಯಾಗಿ ಹಿಡಿದಿದೆ. ಕಬ್ಬನ್ನು ಓರೆಯಾಗಿ ಕಡಿದ ಹಾಗೆ ತುದಿ ಒಂದು ಕಡೆ ಚಪ್ಪಟೆಯಾಗಿದ್ದರೆ, ಅಥವಾ ತುದಿಯ ಮೇಲೆ ಬಿಳಿ ಗೆರೆ ಎದ್ದಿದ್ದರೆ, ತೊಟ್ಟು ಮಗುವಿನ ನಾಲಿಗೆಗೂ ಅಂಗುಳಕ್ಕೂ ನಡುವೆ ಸಿಕ್ಕಿ ಜಜ್ಜಿದೆ ಎಂದರ್ಥ. ಕ್ರೀಮು, ಎಣ್ಣೆ, ಮಾತ್ರೆ ಹುಡುಕುವ ಮೊದಲು ನೋಡಬೇಕಾದ್ದು ಇದನ್ನೇ. ಹಾಲೂಡಿಸುವಾಗ ಬರುವ ನೋವಿನಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದ.

"ಮೊದಮೊದಲು ಹಾಗೇ ಇರತ್ತೆ, ಹಲ್ಲು ಕಚ್ಚಿ ತಡ್ಕೋ" ಎಂದು ಬಾಣಂತಿಗೆ ಹೇಳುವವರು ಬಹಳ. ಅದರಲ್ಲಿ ನಿಜವಿರುವುದು ಸ್ವಲ್ಪ ಮಾತ್ರ. ಮೊದಲ ವಾರದಲ್ಲಿ ಮಗು ಬಾಯಿ ಹಾಕಿದ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ತೊಟ್ಟು ಚುರ್ ಎನ್ನುವುದು ಸಹಜ. ಹಾಲು ಇಳಿಯಲು ಶುರುವಾದ ಮೇಲೆ ಆ ನೋವು ನಿಲ್ಲಬೇಕು. ಕುಡಿಯುವಷ್ಟು ಹೊತ್ತೂ ನೋಯುತ್ತಿದ್ದರೆ, ತೊಟ್ಟು ಒಡೆದು ರಕ್ತ ಜಿನುಗಿದರೆ, ಮಗು ಅತ್ತ ಕೂಡಲೇ "ಅಯ್ಯೋ, ಮತ್ತೆ ಕುಡಿಸಬೇಕಲ್ಲ" ಎಂದು ಎದೆ ಧಸಕ್ಕೆನ್ನುವಂತಿದ್ದರೆ, ಅದು ತಡೆದುಕೊಳ್ಳಬೇಕಾದ ನೋವಲ್ಲ. ಅದಕ್ಕೆ ಕಾರಣವಿದೆ, ಪರಿಹಾರವೂ ಇದೆ.

ಬಾಯೊಳಗೆ ಏನಾಗುತ್ತದೆ?

ನಿಮ್ಮ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು, ಅಂಗುಳದ ಮೇಲೆ ಹಾಗೇ ಹಿಂದಕ್ಕೆ ಜಾರಿಸಿ ನೋಡಿ. ಮೊದಲು ಗಟ್ಟಿ, ಏರುಪೇರು. ಇನ್ನೂ ಹಿಂದೆ ಹೋದರೆ ಮೆತ್ತಗಾಗುತ್ತದೆ. ಮಗುವಿನ ಬಾಯಲ್ಲೂ ಹಾಗೆಯೇ. ತೊಟ್ಟು ಗಟ್ಟಿ ಅಂಗುಳ ಮುಗಿದು ಮೆತ್ತನೆಯದು ಶುರುವಾಗುವ ಜಾಗದ ತನಕ ಒಳಗೆ ಹೋದರೆ ಅದಕ್ಕೆ ಏಟಿಲ್ಲ. ಮಗು ತುದಿಯನ್ನಷ್ಟೇ ಕಚ್ಚಿ ಚೀಪಿದರೆ, ಪ್ರತಿ ಗುಟುಕಿಗೂ ತೊಟ್ಟು ಗಟ್ಟಿ ಅಂಗುಳಕ್ಕೆ ಉಜ್ಜುತ್ತದೆ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಅಷ್ಟೂ ಸಲ ಅದೇ ಜಾಗ ಉಜ್ಜಿದರೆ ಚರ್ಮ ಒಡೆಯದೆ ಇನ್ನೇನು? ಹೀಗೆ ಹಿಡಿದ ಮಗುವಿಗೆ ಹಾಲೂ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಗಂಟೆಗಟ್ಟಲೆ ಚೀಪುತ್ತದೆ, ಗಾಯ ಇನ್ನಷ್ಟು ಆಳವಾಗುತ್ತದೆ.

ಹಿಡಿಸುವುದು ಹೀಗೆ. ಮೊದಲು ನೀವು ಒರಗಿ ಕೂರಿ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಮಗುವಿನ ಮೇಲೆ ಬಾಗಿ ಕುಡಿಸುವುದು ನಮ್ಮಲ್ಲಿ ರೂಢಿ. ಬಾಗಿದಾಗ ಬೆನ್ನು, ಕತ್ತು ಹಿಡಿದುಕೊಳ್ಳುತ್ತವೆ. ನೀವು ಸ್ವಲ್ಪ ಅಲುಗಿದರೂ ತೊಟ್ಟು ಮಗುವಿನ ಬಾಯಿಂದ ಜಾರಿ ತುದಿಗೆ ಬರುತ್ತದೆ. ಗೋಡೆಗೆ ದಿಂಬು ಕೊಟ್ಟು ಒರಗಿ, ತೊಡೆಯ ಮೇಲೆ ಇನ್ನೊಂದು ದಿಂಬಿಟ್ಟು ಮಗುವನ್ನು ಮೊಲೆಯ ಮಟ್ಟಕ್ಕೆ ಏರಿಸಿಕೊಳ್ಳಿ. ಎದೆಯನ್ನು ಮಗುವಿನ ಹತ್ತಿರ ಒಯ್ಯಬೇಡಿ, ಮಗುವನ್ನು ಎದೆಗೆ ತನ್ನಿ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಮೈ ಮೇಲ್ಮುಖವಾಗಿದ್ದು ಕತ್ತು ಮಾತ್ರ ತಿರುಗಿಸಿದ ಮಗುವಿಗೆ ನುಂಗುವುದು ಕಷ್ಟ. ನೀವೇ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ನೀರು ಕುಡಿದು ನೋಡಿ, ಗೊತ್ತಾಗುತ್ತದೆ. ನಿಮ್ಮ ಅಂಗೈ ಮಗುವಿನ ಭುಜಗಳ ಹಿಂದಿರಲಿ, ಬೆರಳುಗಳು ಕತ್ತಿನ ಬುಡಕ್ಕೆ ಆಸರೆಯಾಗಲಿ. ತಲೆಯ ಹಿಂಭಾಗವನ್ನು ಹಿಡಿದು ಮುಂದಕ್ಕೆ ಒತ್ತಬಾರದು. ಒತ್ತಿದರೆ ಮಗು ತಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಗಲ್ಲ ಎದೆಯಿಂದ ದೂರವಾಗುತ್ತದೆ.

ಈಗ ತೊಟ್ಟು ಮಗುವಿನ ಮೂಗಿನ ನೇರಕ್ಕೆ ಇರಬೇಕು, ಬಾಯಿಯ ನೇರಕ್ಕಲ್ಲ. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿ, ಕಾಯಿರಿ. ಆಕಳಿಕೆಯಷ್ಟು ಅಗಲ ಬಾಯಿ ತೆರೆಯುವ ತನಕ ತಡೆಯಿರಿ. ಅರ್ಧ ತೆರೆದ ಬಾಯಿಗೆ ತುರುಕುವುದೇ ಎಲ್ಲರೂ ಮಾಡುವ ತಪ್ಪು. ಬಾಯಿ ತೆರೆದ ಕೂಡಲೇ ಗಲ್ಲ ಮೊದಲು ಎದೆಗೆ ತಾಗುವಂತೆ ಮಗುವನ್ನು ಹತ್ತಿರ ಎಳೆದುಕೊಳ್ಳಿ. ಎದೆ ದೊಡ್ಡದಿದ್ದರೆ ಇನ್ನೊಂದು ಕೈಯಿಂದ ಆಧಾರ ಕೊಡಿ. ತೋರುಬೆರಳು, ನಡುಬೆರಳಿನ ಕತ್ತರಿ ಹಿಡಿತ ಬೇಡ. ಆ ಬೆರಳುಗಳು ತೊಟ್ಟಿನ ಸುತ್ತಲ ಕಪ್ಪು ಭಾಗದ ಮೇಲೆಯೇ ಕೂತು ಮಗುವಿನ ಬಾಯಿಗೆ ಅಡ್ಡವಾಗುತ್ತವೆ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಕಪ್ಪು ಭಾಗದಿಂದ ಹಿಂದೆ ಇರಲಿ. ದಪ್ಪ ಬನ್ನನ್ನು ಕಚ್ಚುವ ಮೊದಲು ತುಟಿಯ ಉದ್ದಕ್ಕೆ ಸರಿಯಾಗಿ ಒತ್ತಿ ತೆಳ್ಳಗೆ ಮಾಡಿಕೊಳ್ಳುತ್ತೇವಲ್ಲ, ಹಾಗೆ.

ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಾಯಿ ಅಗಲವಾಗಿ ತೆರೆದಿರುತ್ತದೆ, ಕೆಳದುಟಿ ಹೊರಕ್ಕೆ ಮಗುಚಿರುತ್ತದೆ, ಗಲ್ಲ ಎದೆಗೆ ಒತ್ತಿರುತ್ತದೆ, ಕಪ್ಪು ಭಾಗ ಬಾಯಿಯ ಕೆಳಗಿನದಕ್ಕಿಂತ ಮೇಲೆಯೇ ಹೆಚ್ಚು ಕಾಣುತ್ತದೆ. ಕೆನ್ನೆ ತುಂಬಿಕೊಂಡಿರುತ್ತದೆ, ಗುಳಿ ಬೀಳುವುದಿಲ್ಲ. ನುಂಗುವ ಸದ್ದು ಕೇಳಬೇಕು. ಲೊಚ್ ಲೊಚ್ ಎಂಬ ಸದ್ದು ಬಂದರೆ ಹಿಡಿತ ಬಿಟ್ಟುಹೋಗುತ್ತಿದೆ. ನೋವಾದರೆ ಹಾಗೇ ಮುಂದುವರಿಸಬೇಡಿ. ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಿಂದ ವಸಡುಗಳ ನಡುವೆ ತೂರಿಸಿ, ಎಳೆತ ಬಿಟ್ಟ ಮೇಲೆ ಬಿಡಿಸಿ ಮತ್ತೆ ಹಿಡಿಸಿ. ಐದು ಸಲವಾದರೂ ಸರಿ. ಹಾಗೇ ಎಳೆದು ಬಿಡಿಸಿದರೆ ಗಾಯವಾಗುವುದು ಖಂಡಿತ.

ಸಿಸೇರಿಯನ್ ಆದವರಿಗೆ ಹೊಟ್ಟೆಯ ಹೊಲಿಗೆಯ ಮೇಲೆ ಮಗುವಿನ ಭಾರ ಬೀಳದಂತೆ ಮಗುವನ್ನು ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆಗೆ ಬರುವಂತೆ ಇಟ್ಟುಕೊಳ್ಳುವುದು ಹಿತ. ಕೆಳಗೆ ಹೊಲಿಗೆ ಬಿದ್ದವರಿಗೆ ಮಗ್ಗುಲಾಗಿ ಮಲಗಿ ಕುಡಿಸುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ತೊಟ್ಟು ಓರೆಯಾಗಿಯೇ ಬರುತ್ತಿದ್ದರೆ ಮಗುವಿನ ನಾಲಿಗೆಯನ್ನು ವೈದ್ಯರಿಗೆ ತೋರಿಸಿ. ಕೆಲವು ಮಕ್ಕಳಿಗೆ ನಾಲಿಗೆಯ ಅಡಿಯ ಪೊರೆ ಗಿಡ್ಡವಾಗಿದ್ದು, ನಾಲಿಗೆ ಕೆಳ ವಸಡನ್ನು ದಾಟಿ ಮುಂದೆ ಬರುವುದಿಲ್ಲ. ಅಗತ್ಯವಿದ್ದರೆ ಆ ಪೊರೆಯನ್ನು ಬಿಡಿಸುವುದು ಚಿಕ್ಕ ಕೆಲಸ.

ಒಡೆದ ತೊಟ್ಟಿಗೆ

ಗಾಯ ಮಾಯಲು ಬೇಕಾದ್ದು ಒಣಗಿಸುವುದಲ್ಲ, ಹದವಾದ ತೇವ. ಸೋಪು, ಡೆಟಾಲ್, ಸ್ಪಿರಿಟ್ ಹಾಕಬೇಡಿ. ಸ್ನಾನದ ನೀರು ಸಾಕು. ಕುಡಿಸಿದ ಮೇಲೆ ಎರಡು ಹನಿ ಹಾಲು ಹಿಂಡಿ ತೊಟ್ಟಿಗೆ ಸವರಿ. ಬಿರುಕು ಆಳವಾಗಿದ್ದರೆ ಶುದ್ಧ ಲ್ಯಾನೊಲಿನ್ ಮುಲಾಮನ್ನು ತೆಳ್ಳಗೆ ಹಚ್ಚಬಹುದು, ಒರೆಸಬೇಕಾಗಿಲ್ಲ. ಜೇನುತುಪ್ಪ ಮಾತ್ರ ಸರ್ವಥಾ ಬೇಡ. ಒಂದು ವರ್ಷದೊಳಗಿನ ಮಗುವಿನ ಹೊಟ್ಟೆಗೆ ಜೇನು ಹೋದರೆ ಬಾಟ್ಯುಲಿಸಮ್ ಎಂಬ ಅಪಾಯಕಾರಿ ವಿಷಬಾಧೆಯ ಭಯವಿದೆ.

ಕಡಿಮೆ ನೋವಿರುವ ಕಡೆಯಿಂದ ಶುರುಮಾಡಿ. ತಾಳಲಾರದಷ್ಟು ನೋವಿದ್ದರೆ ಆ ಕಡೆಗೆ ಒಂದೆರಡು ದಿನ ಬಿಡುವು ಕೊಟ್ಟು, ಎರಡು-ಮೂರು ಗಂಟೆಗೊಮ್ಮೆ ಕೈಯಿಂದ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ಮನೆಯಲ್ಲಿರುವ ಒಳಲೆ ಈ ಹೊತ್ತಿಗೆ ಬಾಟಲಿಗಿಂತ ಒಳ್ಳೆಯದು. ಕುದಿಸಿ ತೊಳೆಯುವುದೂ ಸುಲಭ. ಹಿಂಡುವಾಗ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು ಮೂರು ಸೆಂಟಿಮೀಟರ್ ಹಿಂದೆ ಇರಲಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಒಂದಕ್ಕೊಂದು ಒತ್ತಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ, ತೊಟ್ಟನ್ನೇ ಹಿಂಡಬೇಡಿ. ಬಿರುಕಿನ ರಕ್ತ ಮಗುವಿನ ಹೊಟ್ಟೆಗೆ ಹೋದರೆ ತೊಂದರೆಯಿಲ್ಲ. ಗಾಯವೇ ಇಲ್ಲದೆ ರಕ್ತ ಬರುತ್ತಿದ್ದು ವಾರವಾದರೂ ನಿಲ್ಲದಿದ್ದರೆ ತೋರಿಸಬೇಕು.

ಹಾಲೆಳೆಯುವ ಪಂಪ್ ಬಳಸುವವರಿಗೆ ಒಂದು ಮಾತು: ಅದರ ಕೊಳವೆಯಂಥ ಬಾಯಿಯ ಅಳತೆ ತೊಟ್ಟಿನ ದಪ್ಪಕ್ಕೆ ಹೊಂದದಿದ್ದರೂ ಇದೇ ಗಾಯ ಆಗುತ್ತದೆ. ಡಬ್ಬಿಯ ಜೊತೆ ಬರುವ ಅಳತೆ ಎಲ್ಲರಿಗೂ ಆಗುವುದಿಲ್ಲ. ಎಳೆತ ಜೋರಿದ್ದರೆ ಹಾಲು ಹೆಚ್ಚು ಬರುತ್ತದೆ ಎಂಬುದೂ ಸುಳ್ಳು.

ತೊಟ್ಟು ಒಳಗೆ ಹುದುಗಿದ್ದರೆ

ಇದಕ್ಕೆ ನಮ್ಮ ದಾವಣಗೆರೆಯಲ್ಲೇ ಹುಟ್ಟಿದ ಸುಲಭ ಉಪಾಯವೊಂದಿದೆ. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಸಂಗಡಿಗರು 1993ರಲ್ಲಿ 'ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್' ಪತ್ರಿಕೆಯಲ್ಲಿ ಬರೆದ ಸಿರಿಂಜ್ ವಿಧಾನ ಅದು. ಕೆಲವೇ ರೂಪಾಯಿಯ ಪ್ಲಾಸ್ಟಿಕ್ ಸಿರಿಂಜ್ ಸಾಕು. 10 ಮಿ.ಲೀ. ಸಿರಿಂಜ್ ತೆಗೆದುಕೊಳ್ಳಿ, ತೊಟ್ಟು ದಪ್ಪಗಿದ್ದರೆ 20. ಸೂಜಿ ಸಿಕ್ಕಿಸುವ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆಯಿರಿ. ಒಳಗಿನ ದಂಡವನ್ನು ಹೊರತೆಗೆದು ಈ ಕತ್ತರಿಸಿದ ಕಡೆಯಿಂದ ತೂರಿಸಿ. ಕಂಪನಿಯವರು ನುಣುಪಾಗಿ ಮಾಡಿದ ಇನ್ನೊಂದು ಬಾಯಿ ಎದೆಯ ಕಡೆಗೆ ಬರಬೇಕು. ಇಲ್ಲಿ ತಪ್ಪಬೇಡಿ, ಕತ್ತರಿಸಿದ ಅಂಚು ಚರ್ಮಕ್ಕೆ ತಾಗಿದರೆ ಗೀರುತ್ತದೆ. ನುಣುಪು ಬಾಯಿಯನ್ನು ತೊಟ್ಟಿನ ಮೇಲೆ ಒತ್ತಿಟ್ಟು, ದಂಡವನ್ನು ಮೆಲ್ಲಗೆ ಎಳೆಯಿರಿ. ತೊಟ್ಟು ಹೊರಗೆ ಬಂದಾಗ ಅರ್ಧದಿಂದ ಒಂದು ನಿಮಿಷ ಹಾಗೇ ಹಿಡಿಯಿರಿ. ಎಳೆಯುವವರು ತಾಯಿಯೇ ಆಗಿರಲಿ, ಎಷ್ಟು ಎಳೆದರೆ ನೋವು ಎಂಬುದು ಅವರಿಗೇ ಗೊತ್ತು. ತೆಗೆಯುವ ಮೊದಲು ದಂಡವನ್ನು ತುಸು ಒಳಕ್ಕೆ ನೂಕಿ ಎಳೆತ ಸಡಿಲಿಸಿ. ಪ್ರತಿ ಸಲ ಕುಡಿಸುವ ಮುನ್ನ ಮಾಡಿ, ತೊಟ್ಟು ಹೊರಗಿರುವಾಗಲೇ ಮಗುವಿಗೆ ಹಿಡಿಸಿ. ಹೆರಿಗೆಯ ನಂತರವಷ್ಟೇ ಮಾಡಬೇಕು, ಬಸುರಿನಲ್ಲಿ ಬೇಡ.

ಮೂರನೇ ದಿನ ಎದೆ ಕಲ್ಲಾದಾಗ

ಹೆರಿಗೆಯಾದ ಕೂಡಲೇ ಬರುವ ಗೀಬು ಹಾಲು ಹೋಗಿ ತುಂಬು ಹಾಲು ಬರುವುದು ಮೂರರಿಂದ ಐದನೇ ದಿನಕ್ಕೆ. ಆಗ ಎದೆ ಬಿಗಿದು, ಹೊಳೆದು, ಮುಟ್ಟಿದರೆ ಬಿಸಿಯಾಗಿ ಕಲ್ಲಿನಂತಾಗುತ್ತದೆ. ಒಳಗಿರುವುದೆಲ್ಲ ಹಾಲು ಎಂದು ತಿಳಿಯುವುದು ಸಹಜ, ಆದರೆ ಅದರಲ್ಲಿ ಬಹಳಷ್ಟು ಊತ. ರಕ್ತದ ಓಟ ಹೆಚ್ಚಿ ಅಂಗಾಂಶದೊಳಗೆ ನೀರು ತುಂಬಿರುತ್ತದೆ. ಹೆರಿಗೆಯ ವೇಳೆ ಹೆಚ್ಚು ಡ್ರಿಪ್ ಹಾಕಿಸಿಕೊಂಡವರಿಗೆ ಇನ್ನೂ ಜಾಸ್ತಿ. ಕಪ್ಪು ಭಾಗವೂ ಬಿಗಿದು ತೊಟ್ಟು ಚಪ್ಪಟೆಯಾಗುತ್ತದೆ. ನಿನ್ನೆ ಚೆನ್ನಾಗಿ ಕುಡಿದ ಮಗುವಿಗೆ ಇಂದು ಹಿಡಿಯಲು ಸಿಗುವುದಿಲ್ಲ.

ಮೊದಲ ಕೆಲಸ ಕಪ್ಪು ಭಾಗವನ್ನು ಮೆತ್ತಗೆ ಮಾಡುವುದು. ಹಿಂದಕ್ಕೆ ಒರಗಿ ಕೂತು, ಉಗುರು ಕತ್ತರಿಸಿದ ಐದೂ ಬೆರಳಿನ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ಎದೆಗೂಡಿನ ಕಡೆಗೆ ಒಂದೇ ಸಮ ಒತ್ತಿ ಅರವತ್ತು ಎಣಿಸಿ. ನೀರು ಹಿಂದೆ ಸರಿದು, ಬೆರಳಿಟ್ಟ ಕಡೆ ಸಣ್ಣ ಗುಳಿ ಬೀಳುತ್ತದೆ. ಬೆರಳನ್ನು ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಒತ್ತಿ. ಕೂಡಲೇ ಮಗುವಿಗೆ ಹಿಡಿಸಿ. ತಡಮಾಡಿದರೆ ನೀರು ಮತ್ತೆ ಬಂದು ತುಂಬುತ್ತದೆ. ಇದೊಂದು ಉಪಾಯ ಗೊತ್ತಿದ್ದರೆ ಎಷ್ಟೋ ತಾಯಂದಿರು ಆ ವಾರದಲ್ಲಿ ಡಬ್ಬಿ ಹಾಲಿಗೆ ಕೈಹಾಕುವುದು ತಪ್ಪುತ್ತದೆ.

ಇನ್ನೂ ಬಿಗಿಯಿದ್ದರೆ ಹಿತವೆನಿಸುವಷ್ಟು ಹಾಲು ಹಿಂಡಿ, ಪೂರ್ತಿ ಬರಿದು ಮಾಡಬೇಡಿ. ಎಷ್ಟು ತೆಗೆದರೆ ಅಷ್ಟು ಬೇಕು ಎಂದು ಮೈ ಲೆಕ್ಕ ಹಾಕುತ್ತದೆ, ನಾಳೆ ಇನ್ನಷ್ಟು ತುಂಬುತ್ತದೆ. ಕುಡಿಸಿದ ಮೇಲೆ ತಂಪು: ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು-ಹದಿನೈದು ನಿಮಿಷ ಇಡಿ. "ಬಾಣಂತಿಗೆ ಶೀತ ಆಗತ್ತೆ, ಮಗುವಿಗೂ ನೆಗಡಿ" ಎಂದು ಹಿರಿಯರು ತಡೆಯುವುದುಂಟು. ಚರ್ಮದ ಮೇಲಿಟ್ಟ ತಂಪು ಹಾಲಿಗೆ ಇಳಿಯುವುದಿಲ್ಲ, ಮಗುವಿಗೆ ಶೀತ ಕೊಡುವುದಿಲ್ಲ. ಐಸ್ ಎಂದರೆ ಮನೆಯಲ್ಲಿ ಒಪ್ಪದಿದ್ದರೆ ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಾದರೂ ಸರಿ. ಆಸ್ಪತ್ರೆಗಳಲ್ಲಿ ಹೇಳುವ ತಣ್ಣನೆಯ ಎಲೆಕೋಸಿನ ಎಲೆಯೂ ಇದೇ ಕೆಲಸ ಮಾಡುತ್ತದೆ. ಚರ್ಮ ಒಡೆದ ಕಡೆ ಇಡಬೇಡಿ.

ಬಾಣಂತಿ ಸ್ನಾನದ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಹಂಡೆಯ ಸುಡುನೀರನ್ನು ಎದೆಗೆ ಹೊಯ್ದು, ಎಣ್ಣೆ ಹಚ್ಚಿ ಗಂಟು ಕರಗಲೆಂದು ಬಲವಾಗಿ ನೀವಿ ಹಿಂಡುವ ಪದ್ಧತಿ ಹಲವು ಕಡೆ ಇದೆ. ಮಾಡುವವರದು ಪ್ರೀತಿಯೇ. ಆದರೆ ಬಿಸಿ ರಕ್ತದ ಓಟವನ್ನು ಹೆಚ್ಚಿಸಿ ಊತವನ್ನು ಬೆಳೆಸುತ್ತದೆ, ಬಲವಾದ ನೀವಿಕೆ ಒಳಗಿನ ಸೂಕ್ಷ್ಮ ನಾಳಗಳನ್ನೂ ರಕ್ತನಾಳಗಳನ್ನೂ ಗಾಯಗೊಳಿಸುತ್ತದೆ. ಬೆನ್ನು, ಕಾಲು, ಸೊಂಟಕ್ಕೆ ಎಷ್ಟು ಬೇಕಾದರೂ ಎಣ್ಣೆ ನೀರು ಹಾಕಲಿ, ಎದೆಯನ್ನು ಬಿಟ್ಟುಬಿಡಲಿ. ಕುಡಿಸುವ ಮುನ್ನ ಒಂದೆರಡು ನಿಮಿಷ ಬೆಚ್ಚನೆ ಬಟ್ಟೆ ಇಟ್ಟರೆ ಹಾಲು ಇಳಿಯಲು ಅನುಕೂಲ, ಅದಕ್ಕಿಂತ ಹೆಚ್ಚು ಶಾಖ ಬೇಡ. ಹಾಗೆಯೇ, ಎಳೆಮಗುವಿನ ಎದೆಯಲ್ಲಿ ಕಾಣುವ ಸಣ್ಣ ಊತವನ್ನು ಹಿಂಡುವುದೂ ಬೇಡ. ತಾಯಿಯ ಹಾರ್ಮೋನಿನಿಂದ ಬಂದ ಅದು ತಾನಾಗಿ ಇಳಿಯುತ್ತದೆ, ಹಿಂಡಿದರೆ ಕೀವಾಗಬಹುದು.

ಎದೆ ಕಟ್ಟಿದಾಗ ಮಲ್ಲಿಗೆ ಹೂ ಕಟ್ಟುವ ರೂಢಿಯೂ ದಕ್ಷಿಣ ಭಾರತದಲ್ಲಿದೆ. ಅದು ಬರೀ ನಂಬಿಕೆಯಲ್ಲ. ವೆಲ್ಲೂರಿನ ವೈದ್ಯರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲು ಬತ್ತಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯ ಜೊತೆ ಮಲ್ಲಿಗೆಯನ್ನು ಹೋಲಿಸಿ ನೋಡಿದ್ದರು. ಹೂವೂ ಹಾಲನ್ನು ಕಡಿಮೆ ಮಾಡಿತ್ತು. ಹಾಗಾಗಿ ಮಗುವಿಗೆ ಹಾಲು ಬೇಕಾದಾಗ ಮಲ್ಲಿಗೆ ಕಟ್ಟಬೇಡಿ.

ಮನೆಗೆ ಬರುವ ಆಶಾ ಕಾರ್ಯಕರ್ತೆಯ ಭೇಟಿಗಳು 3, 7, 14, 21, 28, 42ನೇ ದಿನಕ್ಕೆ ನಿಗದಿಯಾಗಿವೆ. ಮೂರನೇ ಮತ್ತು ಏಳನೇ ದಿನ ಎದೆ ಕಟ್ಟುವ, ತೊಟ್ಟು ಒಡೆಯುವ ಕಾಲವೇ. ಅವರ ಮುಂದೆಯೇ ಒಮ್ಮೆ ಕುಡಿಸಿ, ಹಿಡಿತ ನೋಡಿ ಎಂದು ಕೇಳಿ. ಸಂಕೋಚ ಬೇಡ.

ಗಂಟು, ಕೆಂಪು, ಜ್ವರ

ಒಂದು ಕಡೆ ಗಂಟು ಕಟ್ಟಿ, ಮೇಲಿನ ಚರ್ಮ ಕೆಂಪಾಗಿ, ಮೈ ಕೈ ನೋವು, ಚಳಿ ಜ್ವರ ಬಂದರೆ ಅದು ಮೊಲೆ ಬಾವು, ವೈದ್ಯರ ಮಾತಿನಲ್ಲಿ ಮಾಸ್ಟೈಟಿಸ್. ಬಣ್ಣ ಕಪ್ಪಗಿರುವವರಲ್ಲಿ ಕೆಂಪು ಎದ್ದು ಕಾಣದು. ಬಿಸಿ, ಬಿಗಿ, ಹೊಳಪನ್ನು ಗಮನಿಸಿ. "ಗಂಟನ್ನು ಒತ್ತಿ ಒತ್ತಿ ಕರಗಿಸು, ಪಂಪ್ ಹಾಕಿ ಖಾಲಿ ಮಾಡು" ಎಂಬುದು ಬಹುಕಾಲದ ಸಲಹೆಯಾಗಿತ್ತು. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಘ 2022ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ ಇದನ್ನು ಕೈಬಿಟ್ಟಿತು. ಹಾಲಿನ ನಾಳಗಳು ನಲ್ಲಿಯ ಪೈಪಿನಂತಲ್ಲ, ಒಂದರೊಳಗೊಂದು ಹೆಣೆದ ಬೇರಿನ ಬಲೆಯಂತೆ. ಗಂಟೆಂದರೆ ಒಳಗೆ ಸಿಕ್ಕಿಕೊಂಡ ಬೆಣೆಯಲ್ಲ, ಸುತ್ತಲ ಅಂಗಾಂಶ ಊದಿ ನಾಳಗಳನ್ನು ಒತ್ತಿರುತ್ತದೆ. ಒತ್ತಿದಷ್ಟೂ ಊತ.

ಈಗ ಹೇಳುವುದಿಷ್ಟು: ಮಗುವಿಗೆ ಬೇಕಾದಾಗ ಎಂದಿನಂತೆ ಎರಡೂ ಕಡೆ ಕುಡಿಸಿ, ಹೆಚ್ಚುವರಿ ಹಿಂಡಬೇಡಿ. ಆ ಹಾಲು ಮಗುವಿಗೆ ಸುರಕ್ಷಿತ, ನಿಲ್ಲಿಸಿದರೆ ಬಾವು ಕೆಡುತ್ತದೆ. ತಂಪು ಇಡಿ. ಮಗುವಿನ ಬೆನ್ನು ಸವರುವಷ್ಟು ಹಗುರಾಗಿ ತೊಟ್ಟಿನಿಂದ ಕಂಕುಳ ಕಡೆಗೆ ಸವರಿ. ಊಟದ ನಂತರ ಐಬುಪ್ರೊಫೆನ್ 400 ಮಿ.ಗ್ರಾಂ. ದಿನಕ್ಕೆ ಮೂರು ಸಲದ ತನಕ, ಇಲ್ಲವೇ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ. ಆರು ಗಂಟೆಗೊಮ್ಮೆ; ಎರಡೂ ಹಾಲೂಡಿಸುವವರಿಗೆ ಹೊಂದುವಂಥವೇ. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ, ಏರಿದ ಬಿ.ಪಿ. ಇದ್ದವರು ಐಬುಪ್ರೊಫೆನ್ ಬಗ್ಗೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಆಸ್ಪಿರಿನ್ ಬೇಡ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆಗಳು ಮಗುವಿನ ಉಸಿರಾಟವನ್ನು ಕುಗ್ಗಿಸಬಹುದು. ಹಾಲೂಡಿಸುವ ತಾಯಂದಿರು ತೆಗೆದುಕೊಳ್ಳದಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

24 ಗಂಟೆಯಲ್ಲಿ ಇಳಿಯದಿದ್ದರೆ, ಜ್ವರ 101 ಡಿಗ್ರಿ ದಾಟಿದರೆ, ಕೆಂಪು ಹರಡುತ್ತಿದ್ದರೆ ವೈದ್ಯರ ಬಳಿ ಹೋಗಿ. ಸೋಂಕಿದ್ದರೆ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಆಂಟಿಬಯೋಟಿಕ್ ಕೊಡುತ್ತಾರೆ, ಸಾಮಾನ್ಯವಾಗಿ 10ರಿಂದ 14 ದಿನ. ಎರಡು ದಿನಕ್ಕೆ ಹಗುರೆನಿಸಿತೆಂದು ಅರ್ಧಕ್ಕೆ ಬಿಡಬೇಡಿ. ಮಾತ್ರೆ ನುಂಗಿದರೂ ಗಂಟು ಹೋಗದೆ ಒತ್ತಿದರೆ ನೀರು ತುಂಬಿದ ಚೀಲದಂತೆ ಅಲುಗಿದರೆ ಕೀವು ಕಟ್ಟಿರಬಹುದು. ಸ್ಕ್ಯಾನ್ ಮಾಡಿ ಸೂಜಿಯಿಂದ ಎಳೆಯುತ್ತಾರೆ, ಎಲ್ಲಕ್ಕೂ ಕೊಯ್ಯಬೇಕೆಂದಿಲ್ಲ. ಹೆರಿಗೆಯ ಮೊದಲ ವಾರಗಳಲ್ಲಿ ಜ್ವರ ಬಂದರೆ ಅದು ಎದೆಯದೇ ಎಂದು ಮನೆಯಲ್ಲಿ ಕೂರಬಾರದು. ಗರ್ಭಕೋಶ, ಹೊಲಿಗೆ, ಮೂತ್ರದ ಸೋಂಕೂ ಇರಬಹುದು.

ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆಯಂಥ ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಬೇಡಿ. ಮತ್ತೆ ಮತ್ತೆ ಗಾಯವಾಗಿ ಅಲ್ಲೇ ದಪ್ಪಗಟ್ಟುತ್ತದೆ.

ಕುಡಿಸಿದ ಮೇಲೆ ಉರಿ

ಕುಡಿಯುವಾಗ ಸರಿಯಿದ್ದು ಮಗು ಬಾಯಿ ಬಿಟ್ಟ ಮೇಲೆ ಉರಿ, ಚುಚ್ಚು ಶುರುವಾದರೆ ಮತ್ತೆ ತೊಟ್ಟಿನ ಬಣ್ಣ ನೋಡಿ. ಬೆಳ್ಳಗೆ ಬಿಳಿಚಿಕೊಂಡು, ಆಮೇಲೆ ನೀಲಿ, ಆಮೇಲೆ ಕೆಂಪಾದರೆ ಅದು ರಕ್ತನಾಳ ಸೆಡೆತು ಬರುವ ನೋವು. ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ, ಸ್ನಾನವಾಗಿ ಒದ್ದೆ ಮೈಯಲ್ಲಿ ಫ್ಯಾನಿನ ಕೆಳಗೆ ಕೂತಾಗ ಹೆಚ್ಚು. ಇದಕ್ಕೆ ಬೇಕಾದ್ದು ತಂಪಲ್ಲ, ಬೆಚ್ಚಗೆ: ಮಗು ಬಿಟ್ಟ ಕೂಡಲೇ ಅಂಗೈ ಅಥವಾ ಒಣ ಬೆಚ್ಚನೆ ಬಟ್ಟೆಯಿಂದ ಮುಚ್ಚಿ. ಜಜ್ಜಿದ ತೊಟ್ಟಿಗೂ ಹೀಗಾಗುವುದರಿಂದ ಹಿಡಿತವನ್ನೂ ಸರಿಮಾಡಿ. ವಾರಗಟ್ಟಲೆ ಕಾಡಿದರೆ ವೈದ್ಯರು ರಕ್ತನಾಳ ಸಡಿಲಿಸುವ ನಿಫೆಡಿಪಿನ್ ಮಾತ್ರೆ ಕೊಡುವುದುಂಟು. ಇಂಥ ನೋವನ್ನು ಅನೇಕರು ಫಂಗಸ್ ಎಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಫಂಗಸ್ ಆದರೆ ತೊಟ್ಟು ನುಣುಪಾಗಿ ಹೊಳೆದು, ತುರಿಸಿ, ಸಿಪ್ಪೆ ಏಳುತ್ತದೆ. ಮಗುವಿನ ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆಗಳಿರುತ್ತವೆ. ಆಗ ತಾಯಿ, ಮಗು ಇಬ್ಬರಿಗೂ ಒಟ್ಟಿಗೇ ಔಷಧಿಯಾಗಬೇಕು.

ಹಾಲೂಡಿಸುವಾಗ ಕಿಬ್ಬೊಟ್ಟೆ ನುಲಿಯುವುದು ಬೇರೆಯೇ ವಿಷಯ. ಹಾಲಿಳಿಸುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಹಿಂಡಿ ಕುಗ್ಗಿಸುತ್ತದೆ. ಎರಡನೇ, ಮೂರನೇ ಹೆರಿಗೆಯಲ್ಲಿ ಜೋರು, ಕೆಲವು ದಿನಕ್ಕೆ ನಿಲ್ಲುತ್ತದೆ. ಕುಡಿಸುವ ಮುನ್ನ ಮೂತ್ರಕ್ಕೆ ಹೋಗಿ ಬನ್ನಿ, ಬೇಕಿದ್ದರೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಿ.

ಹಲ್ಲು ಬಂದ ಮಗು ಕಚ್ಚಿದರೆ ಹಿಂದಕ್ಕೆ ಎಳೆಯಬೇಡಿ, ಮಗುವನ್ನು ಎದೆಗೆ ಇನ್ನೂ ಹತ್ತಿರ ಒತ್ತಿಕೊಳ್ಳಿ. ಮೂಗು ಮುಚ್ಚಿದಂತಾಗಿ ತಾನೇ ಬಾಯಿ ಬಿಡುತ್ತದೆ. ನಿಜವಾಗಿ ಹಾಲು ನುಂಗುತ್ತಿರುವಾಗ ನಾಲಿಗೆ ಕೆಳಹಲ್ಲನ್ನು ಮುಚ್ಚಿರುವುದರಿಂದ ಕಚ್ಚಲಾರದು. ಕಚ್ಚುವುದು ಹೆಚ್ಚಾಗಿ ಹೊಟ್ಟೆ ತುಂಬಿ ಆಟಕ್ಕಿಳಿದಾಗ. ನುಂಗುವುದು ನಿಂತಿತೆಂದರೆ ಬಿಡಿಸಿ.

ಹಾಲು ಬಿಡಿಸುವ ಕಾಲದಲ್ಲೂ ಒಂದೇ ದಿನ ಬೇವಿನ ಕಹಿ ಹಚ್ಚಿ ನಿಲ್ಲಿಸಿದರೆ ಎದೆ ಮತ್ತೆ ಕಲ್ಲಾಗುತ್ತದೆ, ಬಾವೂ ಬರಬಹುದು. ಮೂರು-ನಾಲ್ಕು ದಿನಕ್ಕೆ ಒಂದು ಹೊತ್ತಿನಂತೆ ಕಡಿಮೆ ಮಾಡಿ, ಮಗು ಕೇಳದ ಹಗಲಿನ ಹೊತ್ತು ಮೊದಲು, ರಾತ್ರಿಯದು ಕೊನೆಗೆ. ಬಿಗಿದಾಗ ಹಿತವೆನಿಸುವಷ್ಟು ಮಾತ್ರ ಹಿಂಡಿ. ಪೂರ್ತಿ ನಿಲ್ಲಿಸಿ ಕೆಲವು ವಾರವಾದರೂ ಗಂಟೊಂದು ಹಾಗೇ ಉಳಿದಿದ್ದರೆ, ನೋವಿಲ್ಲದಿದ್ದರೂ ಒಮ್ಮೆ ಸ್ಕ್ಯಾನ್ ಮಾಡಿಸಿ.